ಬಸುರಿಗೆ ಕೊಟ್ಟ ಮದ್ಯ

ನನ್ನ ಅಂಗಿಗಳನ್ನು ನಾನು ಬೇರೆಯಾಗಿಯೇ ಒಗೆದುಕೊಳ್ಳುತ್ತೇನೆ. ದನ-ನಾಯಿಗಳ ವೈದ್ಯನಾಗಿ ಇಪ್ಪತ್ತೆಂಟು ವರ್ಷ ಸವೆಸಿದ ಮೇಲೆ ಆ ಸ್ಪಿರಿಟ್ಟಿನ ವಾಸನೆ ಅಂಗಿಯದೋ ನನ್ನದೋ ಎಂಬುದು ನನಗೂ ತಿಳಿಯದು. ಧಾರವಾಡದಿಂದ ಪುಣೆಗೆ ಬಂದವನು, ಈಗ ರಾಂಜಣಗಾಂವದ ಕಾರ್ಖಾನೆಗಳ ಮಗ್ಗುಲಲ್ಲಿ ಸಣ್ಣ ಚಿಕಿತ್ಸಾಲಯ ಇಟ್ಟುಕೊಂಡಿದ್ದೇನೆ. ದಣಿವು ಎಂಬುದು ಸಂಜೆಗೆ ಬರುವ ಅತಿಥಿ ಎಂದು ಒಂದು ಕಾಲಕ್ಕೆ ತಿಳಿದಿದ್ದೆ. ಈಗ ಅದು ಬೆಳಿಗ್ಗೆ ನನಗಿಂತ ಮೊದಲೇ ಎದ್ದಿರುತ್ತದೆ.

ಅಂಥದೊಂದು ಬೆಳಿಗ್ಗೆ ಸುಮತಕ್ಕ ತಮ್ಮ ನಾಯಿ ಚಂಪಿಯನ್ನು ಎತ್ತಿಕೊಂಡು ಬಂದರು. ಕುಂದಾಪುರದ ಕಡೆಯವರು, ಹೆದ್ದಾರಿಯ ಪಕ್ಕ ಊಟದ ಹೊಟೇಲು ನಡೆಸುವವರು. ತುಂಬು ಬಸುರಿ ಚಂಪಿ ನೆಲಕ್ಕಿಳಿಸಿದರೆ ಕುಡಿದವಳಂತೆ ತೂರಾಡುತ್ತಿದ್ದಳು.

"ಲಾರಿಯಿಂದ ಸೋರಿದ ಹಸಿರು ನೀರು ನೆಕ್ಕಿತು ಮಾರಾಯ್ರೆ, ಈಗಷ್ಟೇ," ಎಂದರು.

ಅದು ರೇಡಿಯೇಟರಿನ ಕೂಲಂಟ್, ಎಂಜಿನ್ನನ್ನು ತಣ್ಣಗಿಡುವ ದ್ರವ. ನಾಲಿಗೆಗೆ ಸಿಹಿ, ಮದ್ಯದ ಕುಲಕ್ಕೇ ಸೇರಿದ ವಿಷ. ವಿಚಿತ್ರವೆಂದರೆ, ಅದನ್ನು ನಿಜವಾದ ವಿಷವಾಗಿಸುವುದು ನಮ್ಮದೇ ಯಕೃತ್ತು. ಶುದ್ಧ ಮಾಡಲು ಹೋಗಿ ಮೂತ್ರಪಿಂಡವನ್ನು ಕೊಲ್ಲುವ ಆಮ್ಲವನ್ನು ಅದು ತಯಾರಿಸುತ್ತದೆ. ಹಾಗಾಗದಂತೆ ತಡೆಯಲು ಅಂದು ನನ್ನ ಕೈಯಲ್ಲಿದ್ದ ಮದ್ದು ಒಂದೇ: ಸಾಮಾನ್ಯ ಮದ್ಯಸಾರವನ್ನು ರಕ್ತಕ್ಕೆ ಹನಿಹನಿಯಾಗಿ ಬಿಟ್ಟು, ಯಕೃತ್ತನ್ನು ಅದರಲ್ಲೇ ತೊಡಗಿಸಿಟ್ಟು, ಕೂಲಂಟು ಮೂತ್ರದಲ್ಲಿ ಹಾಗೆಯೇ ಹರಿದುಹೋಗುವವರೆಗೆ ಕಾಯುವುದು.

"ಬಸುರಿಗೆ ಶರಾಬು ಕೊಡುವುದಾ?" ಸುಮತಕ್ಕ ಕೇಳಿದರು.

"ಕೊಡದಿದ್ರ ತಾಯೀನ ಉಳಿಯಂಗಿಲ್ರಿ ಅಕ್ಕಾ," ಎಂದೆ. "ಕೊಟ್ರ ಮರಿಗಳಿಗೂ ಮುಟ್ಟತದ. ಏನ್ ಮಾಡ್ಲಿ, ನೀವ ಹೇಳ್ರಿ."

ಅವರು ಚಂಪಿಯ ಕಿವಿ ಸವರಿ, "ಕೊಡಿ," ಎಂದರು.

ಆದರೆ ಎಷ್ಟು? ಗೆಳೆಯರೇ, ಪುಸ್ತಕದ ಲೆಕ್ಕವೆಲ್ಲ ಬಸುರಿಲ್ಲದ ದೇಹದ್ದು. ಗಬ್ಬದ ಇಲಿಗಳ ಯಕೃತ್ತಿಗೆ ಇಂಥ ಮದ್ಯಗಳನ್ನು ಕರಗಿಸಲು ಹೆಚ್ಚು ಹೊತ್ತು ಹಿಡಿಯುತ್ತದೆಂದು ಎಲ್ಲೋ ಓದಿದ ನೆನಪು. ನಾಯಿಯ ಕತೆ ಏನೆಂದು ನನಗೆ ಗೊತ್ತಿರಲಿಲ್ಲ. ಒಂದು ಜೀವ ಇನ್ನೊಂದನ್ನು ಕಟ್ಟುತ್ತಿರುವಾಗ ತನ್ನ ಮನೆಗೆಲಸವನ್ನು ನಿಧಾನಿಸುವುದು ಸಹಜವೇ ಇರಬಹುದು. ಮದ್ಯ ರಕ್ತದಲ್ಲೇ ಕೂಡಿಹೋಗದಿರಲೆಂದು ಹನಿಗಳನ್ನು ತಗ್ಗಿಸಿದೆ. ಉಸಿರು ತೀರ ಮಂದವಾದಾಗ ಇನ್ನೂ ತಗ್ಗಿಸಿದೆ. ಎರಡು ಹಗಲು, ಎರಡು ಇರುಳು ಪುಸ್ತಕವನ್ನು ಮುಚ್ಚಿಟ್ಟು, ಚಂಪಿಯ ಮುಖವನ್ನೇ ಓದುತ್ತ ಕುಳಿತೆ. ಮೂರನೆಯ ದಿನ ಅವಳು ಎದ್ದುನಿಂತು ಧಾರಾಳವಾಗಿ ಮೂತ್ರ ಮಾಡಿದಾಗ ಸುಮತಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು.

ವಾರದ ಮೇಲೆ ಅವಳು ಹೊಟೇಲಿನ ಹಿತ್ತಿಲಲ್ಲಿ ಮೂರು ಮರಿ ಹಾಕಿದಳು. ನಾನು ಹೋಗುವಷ್ಟರಲ್ಲಿ ಸುಮತಕ್ಕ ಎರಡನ್ನು ಬಟ್ಟೆಯಲ್ಲಿ ಸುತ್ತಿಟ್ಟಿದ್ದರು.

"ಡಾಕ್ಟ್ರೇ, ಇವು ವಿಷದಿಂದ ಹೋದದ್ದಾ, ಮದ್ದಿನಿಂದ ಹೋದದ್ದಾ?"

ಸುಳ್ಳು ಹೇಳಲು ಬೇಕಾದ ಮಾತುಗಳೆಲ್ಲ ನನಗೆ ಬಾಯಿಪಾಠ. ಆದರೂ, "ಗೊತ್ತಿಲ್ರಿ ಅಕ್ಕಾ," ಎಂದೆ.

ಅವರು ತಲೆಯಾಡಿಸಿದರು. ಸಿಟ್ಟಾಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಬಾಗಿ, ಉಳಿದ ಒಂದೇ ಮರಿಯನ್ನು ತಾಯಿಯ ಮೊಲೆಗೆ ಹಚ್ಚಿದರು. ಅದು ಒಮ್ಮೆ ಜಾರಿತು, ಮತ್ತೆ ಹುಡುಕಿ ಹಿಡಿಯಿತು. ನಾವಿಬ್ಬರೂ ಅಲ್ಲೇ ನೆಲದ ಮೇಲೆ ಕುಳಿತು, ಅದು ಕುಡಿದು ಮುಗಿಸುವವರೆಗೂ ಏಳಲಿಲ್ಲ.