ಎಂಟರ್ ಮೇಲಿನ ನಿಂಬೆಹಣ್ಣು

ಇವತ್ತು ಆಫೀಸಿನ ಆಯುಧಪೂಜೆಯಲ್ಲಿ ಯಾರೋ ನನ್ನ ಕೀಬೋರ್ಡಿನ ಮೇಲೆ ನಿಂಬೆಹಣ್ಣು ಇಟ್ಟರು. ಥಟ್ಟನೆ ಎತ್ತಿ ಜೇಬಿಗೆ ಹಾಕಿಕೊಂಡೆ. ಎಲ್ಲರೂ ನನ್ನನ್ನು ನಾಸ್ತಿಕ ಅಂದುಕೊಂಡಿರಬೇಕು. ನಿಮಗಾದರೂ ನಿಜ ಹೇಳಿಬಿಡುತ್ತೇನೆ.

ಗೆಳೆಯ ಮುನಿರಾಜುವಿಗೆ ಬಾಗಲೂರಿನಲ್ಲಿ ಹೂವಿನಂಗಡಿ. ಅವನ ಮನೆಯ ಕಂಪ್ಯೂಟರಿಗೆ ವೈರಸ್ ಹತ್ತಿತ್ತು. ‘ಗುರು, ನಂಗೆ ಫೋಟೊ ನೋಡಕ್ ಬಂದ್ರೆ ಸಾಕು’ ಎಂದ. ಮತ್ತಿಕೆರೆಯ ನನ್ನ ಬಾಡಿಗೆ ಕೋಣೆಯಲ್ಲಿ ವಾರವಿಡೀ, ಹೆಣ್ಣು ನೋಡುವವನ ಗತ್ತಿನಲ್ಲಿ, ವಿಂಡೋಸ್ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್‌ನ ಏಳು ಬಗೆಗಳನ್ನು ನನ್ನ ಕಂಪ್ಯೂಟರಿಗೆ ಹಾಕಿ ತೆಗೆದು ಎರಡನ್ನು ಸೀಡಿಗೆ ಇಳಿಸಿಕೊಂಡೆ. ಮಗುವೂ ಬಳಸಬಹುದಾದ ಚೆಂದದ್ದೊಂದು. ಅದು ಕೈಕೊಟ್ಟರೆ ಇರಲಿ ಎಂದು, ಬರೀ ಪ್ರಶ್ನೆ ಕೇಳುವ ಒರಟೊಂದು.

ಅವನ ತಾಯಿ ಎರಡು ಸೀಡಿಗಳನ್ನೂ ದೇವಿಯ ಮುಂದಿಟ್ಟರು. ಆ ಮನೆಯಲ್ಲಿ ಹೂ ಕೇಳದೆ ಎಮ್ಮೆಯನ್ನೂ ಕೊಳ್ಳುವುದಿಲ್ಲ. ಬಲಗಡೆಯ ಹೂ ಬಿದ್ದರೆ ಒಪ್ಪಿಗೆ. ನನ್ನ ಚೆಂದದ್ದಕ್ಕೆ ಎಡಗಡೆ ಬಿತ್ತು. ಒರಟಿಗೆ ಬಲಗಡೆ.

‘ಅಮ್ಮಾ, ಅದು ಇವನಿಗೆ ಕಷ್ಟ ಆಗುತ್ತೆ.’

‘ಆಗ್ಲಿ ಬುಡಪ್ಪ. ನೀನು ಓದಿರೋನು, ಅವ್ಳು ನೋಡಿರೋಳು.’

ರಾಹುಕಾಲಕ್ಕೆ ಮೊದಲೇ ಆರಂಭವಾಗಬೇಕಂತೆ. ಸೀಡಿ ಹಾಕಿ, ಮೊದಲ ಪ್ರಶ್ನೆ ಬರಿಸಿ, ಪೂಜೆಗೆಂದು ಕೈಕಾಲು ತೊಳೆಯಲು ಹಿತ್ತಲಿಗೆ ಹೋದೆ. ಫೋಟೊಗಳನ್ನು ಪೂಜೆಯಾದ ಮೇಲೆ ಪೆನ್‌ಡ್ರೈವಿಗೆ ಇಳಿಸಿಕೊಂಡರಾಯಿತು ಎಂಬುದು ಓದಿರೋನ ಯೋಜನೆ. ಮುನಿರಾಜುವಿನ ತೀರಿಕೊಂಡ ಅಪ್ಪ ಮಗಳನ್ನು ಧಾರೆ ಎರೆದುಕೊಡುವ ಚಿತ್ರ ಆ ಕಂಪ್ಯೂಟರಿನಲ್ಲಿ ಬಿಟ್ಟರೆ ಎಲ್ಲೂ ಇರಲಿಲ್ಲ.

ಬಂದು ನೋಡಿದರೆ ಎಂಟರ್ ಕೀ ಮೇಲೆ ದಪ್ಪ ನಿಂಬೆಹಣ್ಣು. ಉರುಳದಿರಲೆಂದು ಅದರ ಮೇಲೆ ಮುನಿರಾಜು ಮೊಳಗಟ್ಟಲೆ ಸೇವಂತಿಗೆ ಹೇರಿದ್ದ; ಕೀ ಅದುಮಿಕೊಂಡೇ ಇತ್ತು. ಭಾಷೆ, ದೇಶ, ಗಡಿಯಾರ ಎಲ್ಲಕ್ಕೂ ಹಣ್ಣೇ ಉತ್ತರ ಕೊಟ್ಟುಕೊಂಡು, ಫೋಟೊಗಳಿದ್ದ ಡಿಸ್ಕನ್ನು ಪೂರ್ತಿ ಅಳಿಸಲೇ ಎಂಬ ಕೊನೆಯ ಪ್ರಶ್ನೆಗೆ ಬಂದು ಮುಟ್ಟಿತ್ತು.

‘ಲೋ, ಹಣ್ಣು ತೆಗಿ.’

‘ಮಂಗಳಾರತಿ ಆಗೋವರ್ಗೂ ಮುಟ್ಟಂಗಿಲ್ಲ ಕಣೋ.’ ತಟ್ಟೆ ಹಿಡಿದು ದಾರಿಗೆ ಅಡ್ಡ ನಿಂತಿದ್ದ.

ಪರದೆ ಮಿನುಗಿತು. ಹಿಂದಿನ ಪುಟ. ಮತ್ತೆ ಅದೇ ಪ್ರಶ್ನೆ, ಮತ್ತೆ ಹಿಂದಿನ ಪುಟ. ಆರತಿಯ ಮೇಲೆ ಹಾರಿ ಕರೆಂಟ್ ವೈರ್ ಎಳೆದೆ. ಕರ್ಪೂರ ಬಿದ್ದು ಅಂಗಿ ತೂತಾಯಿತು. ಫೋಟೊಗಳೆಲ್ಲ ಉಳಿದಿದ್ದವು. ಆ ಒರಟು, ಕೊನೆಯ ಪ್ರಶ್ನೆಗೆ ಮಾತ್ರ ಮೊದಲೇ ‘ಬೇಡ’ವನ್ನು ಆರಿಸಿಟ್ಟುಕೊಂಡು ಕಾಯುತ್ತದೆ. ಹಣ್ಣು ಎಷ್ಟು ಒತ್ತಿದರೂ ಬೇಡ, ಬೇಡ, ಬೇಡ. ನನ್ನ ಚೆಂದದ್ದು ಆರಿಸಿಟ್ಟುಕೊಂಡಿರುವುದು ‘ಮುಂದುವರಿ’ಯನ್ನು. ಅದನ್ನು ಹಾಕಿದ್ದರೆ ಧಾರೆಯ ಚಿತ್ರ ಅವತ್ತೇ ಅಳಿಸಿಹೋಗುತ್ತಿತ್ತು.

ಇವತ್ತು ಆಫೀಸಿನ ಪೂಜೆ ಮುಗಿದ ಮೇಲೆ ಪಕ್ಕದ ಮೇಜಿನ ಹುಡುಗಿ ಕೇಳಿದಳು: ‘ಸರ್, ನಮ್ ಫ್ರೆಂಡ್‌ಗೆ ಕಂಪ್ಯೂಟರ್ ಏನೂ ಗೊತ್ತಿಲ್ಲ. ಯಾವ ಲಿನಕ್ಸ್ ಹಾಕ್ಕೊಡ್ಲಿ?’

ಜೇಬಿನಿಂದ ನಿಂಬೆಹಣ್ಣು ತೆಗೆದು ಅವಳ ಕೈಗಿಟ್ಟೆ.

‘ಏನೂ ಇಲ್ದಿರೋ ಹಳೇ ಕಂಪ್ಯೂಟರಲ್ಲಿ ಒಂದೊಂದೇ ಹಾಕ್ತಾ, ಮೊದ್ಲು ಇದನ್ನ ಎಂಟರ್ ಮೇಲಿಟ್ಟು ನೋಡಮ್ಮ. ಬೇಡ ಅನ್ನೋದನ್ನ ಹಾಕ್ಕೊಡು.’