ಮೊದಲ ರೊಟ್ಟಿ, ಕೆಂಪು ರಿಬ್ಬನ್

ಮುಂಬಯಿಯ ವಿಕ್ರೋಳಿಯ ಚಾಳಿನಲ್ಲಿ ಹುಟ್ಟಿ ಬೆಳೆದ ಹತ್ತು ವರ್ಷದ ಮಾಧುರಿಗೆ ಹೆದರಿಕೆ ಎಂದರೇನೆಂದು ಗೊತ್ತಿರಲಿಲ್ಲ. ಸಂಜೆಯ ಲೋಕಲ್ ರೈಲಿನಲ್ಲಿ ಅವ್ವನ ಸೆರಗು ಬಿಟ್ಟು ತಾನೇ ಮೊದಲು ನುಗ್ಗಿ ಕಿಟಕಿ ಸೀಟು ಹಿಡಿಯುವ ಪೋರಿ. ಬಾಯಿ ಬೊಂಬಾಯಿ ಎಂಬ ಮಾತು ಇವಳನ್ನು ನೋಡಿಯೇ ಹುಟ್ಟಿತೇನೋ. ಆದರೆ ಅಷ್ಟು ದೊಡ್ಡ ಬಾಯಿಗೆ ಸುಳ್ಳು ಮಾತ್ರ ಬರುತ್ತಿರಲಿಲ್ಲ. ಹೇಳಲು ಹೋದರೆ ಕಿವಿ ಕೆಂಪಾಗಿ ಅಲ್ಲೇ ಸಿಕ್ಕಿಬೀಳುತ್ತಿದ್ದಳು.

ಇಂಥವಳಿಗೆ ಯೇವೂರಿನ ಕಾಡಂಚಿನಲ್ಲಿ ಶಾಲೆಯ ಮೂರು ದಿನದ ಬೇಸಿಗೆ ಶಿಬಿರ! ಡೇರೆಯಲ್ಲಿ ವಾಸ, ಬಾವಿಯ ನೀರು, ಮೂರು ಕಲ್ಲಿನ ಒಲೆ. ಕರೆಂಟಿಲ್ಲ, ಮೊಬೈಲಿಲ್ಲ. ವಿಜಯಪುರದ ಕಡೆಯಿಂದ ಬಂದು ಗೋದಾಮಿನಲ್ಲಿ ದುಡಿಯುವ ಅಪ್ಪ ಕಾಶಿನಾಥ ಇದನ್ನು ಕೇಳಿ ನಕ್ಕಿದ್ದೇ ನಕ್ಕಿದ್ದು.

"ಹೊರಗ ಮಲಗೂದು ಕಲಿಸಾಕೂ ಕ್ಯಾಂಪ್ ಬೇಕೇನ? ನಾವು ಹೊಲದಾಗ ಮಲಗತಿದ್ವಿ, ಯಾರೂ ಟೀ-ಶರ್ಟ್ ಕೊಡಲಿಲ್ಲ ಬಿಡು."

ಅಜ್ಜಿ ರಾಚವ್ವ ಮಾತ್ರ ಮೊಮ್ಮಗಳ ಪಕ್ಷ. ಕೊನೆಯ ದಿನ ಬೆಳಿಗ್ಗೆ ಮಕ್ಕಳನ್ನು ಗುಡ್ಡ ಹತ್ತಿಸುತ್ತಾರೆ, ತುದಿಯ ಬಂಡೆಯಿಂದ ಇಡೀ ಮುಂಬಯಿ ಕಾಣುತ್ತದೆ ಎಂದು ತಿಳಿದದ್ದೇ ತಡ, ಅಜ್ಜಿ ಮೊಮ್ಮಗಳು ಒಪ್ಪಂದ ಮಾಡಿಕೊಂಡರು.

"ಹೊತ್ತು ಹುಟ್ಟಿದ ಕೂಡ್ಲೆ ನಾ ಟೆರೇಸಿಗೆ ಹೋಗಿ ನನ್ನ ಕೆಂಪು ಇಳಕಲ್ ಸೀರಿ ಬೀಸತೇನಿ. ನೀ ಗುಡ್ಡದ ಮ್ಯಾಲಿಂದ ಕೈ ಬೀಸು. ನೋಡೇ ಬಿಡೂಣು."

ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕೂಗುವ ಕಣ್ಣು ಅಜ್ಜಿಯದು. ಅದರ ಮಾತನ್ನು ಇಬ್ಬರೂ ಎತ್ತಲಿಲ್ಲ.

ಶಿಬಿರಕ್ಕೆ ಕಾಲಿಟ್ಟ ಮಾಧುರಿಗೆ ಕಣ್ಣು ಎರಡೇ ಯಾಕೆ ಎನ್ನಿಸಿತು. ಬಾವಿಯ ಹಗ್ಗ ಎಳೆದೆಳೆದು ಅಂಗೈ ಉರಿದರೂ ಕೊಡವನ್ನು ಬೇರೆಯವರಿಗೆ ಬಿಟ್ಟುಕೊಡಲಿಲ್ಲ. ಕವಳಿ ಹಣ್ಣು ತಿಂದು ತುಟಿ ನೇರಳೆ ಮಾಡಿಕೊಂಡಳು. ಬೂಟಿನೊಳಗಿಂದ ಓತಿಕ್ಯಾತ ಹೊರಬಂದಾಗ ಇಡೀ ಡೇರೆ ಕಿರುಚಿತು, ಇವಳು ಚಪ್ಪಾಳೆ ತಟ್ಟಿದಳು. ಹಳ್ಳದ ಕೆಸರಿನಲ್ಲಿ ಚಿರತೆಯ ಹೆಜ್ಜೆ ಕಂಡ ದಿನವಂತೂ ಅವಳ ಕಾಲು ನೆಲದ ಮೇಲಿರಲಿಲ್ಲ. ತನ್ನ ಅಂಗೈಯನ್ನು ಅದರ ಪಕ್ಕದಲ್ಲಿಟ್ಟು ಅಳೆದಳು, ಮತ್ತೆ ಅಳೆದಳು, ಊಟದ ಕರೆ ಬಂದರೂ ಏಳಲಿಲ್ಲ.

ಶಿಬಿರದ ಮುಖ್ಯಸ್ಥೆ ಮೋಹಿನಿ ಟೀಚರದ್ದು ಒಂದೇ ಕಟ್ಟಪ್ಪಣೆ. ಪ್ರಾಣಿಗಳಿಗೆ ಒಂದು ಅಗುಳೂ ಹಾಕಕೂಡದು. ಹಾಕಿದವರಿಗೆ ಗುಡ್ಡವಿಲ್ಲ.

ಕೊನೆಯ ದಿನದ ಹಿಂದಿನ ಮಧ್ಯಾಹ್ನ ಪ್ರತಿ ಗುಂಪೂ ತನ್ನ ಅಡಿಗೆ ತಾನೇ ಮಾಡಬೇಕಿತ್ತು. ಮಾಧುರಿಯ ಗುಂಪಿನಲ್ಲಿದ್ದ ಅನಿಕೇತ್ ಮಲಾಡ್‌ನ ದೊಡ್ಡ ಹೌಸಿಂಗ್ ಸೊಸೈಟಿಯ ಹುಡುಗ, ಬಿದಿರಿನ ಗಳದಷ್ಟು ಉದ್ದ. ಊದಿ ಊದಿ ಅವನ ಮುಖವೆಲ್ಲ ಬೂದಿಯಾಯಿತೇ ಹೊರತು ಒಲೆ ಹತ್ತಲಿಲ್ಲ. ಮಾಧುರಿ ಅವನನ್ನು ಸರಿಸಿ, ತರಗೆಲೆ ಮೇಲೆ ಸಣ್ಣ ಕಡ್ಡಿ ಪೇರಿಸಿ ಬೆಂಕಿ ಎಬ್ಬಿಸಿದಳು. ಜೋಳದ ಹಿಟ್ಟು ನಾದಿ, ಅಜ್ಜಿಯ ಹಾಗೆ ಪಟಪಟ ರೊಟ್ಟಿ ಬಡಿದಳು. ಮೊದಲ ರೊಟ್ಟಿ ಉಬ್ಬಿದಾಗ ಗುಂಪೆಲ್ಲ "ಅರೇ ವಾ!" ಎಂದು ಕುಣಿಯಿತು.

ಆ ಹಿಗ್ಗಿನಲ್ಲೇ ಎಡವಟ್ಟಾಯಿತು. ಮನೆಯಲ್ಲಿ ಮೊದಲ ರೊಟ್ಟಿ ಮನೆಯವರದಲ್ಲ. ರಾಚವ್ವ ಅದನ್ನು ಚಾಳಿನ ಕಟ್ಟೆಯ ಮೇಲಿಟ್ಟು ಕಾಗೆಯನ್ನು ಕರೆದ ಮೇಲೆಯೇ ಉಳಿದವರ ತಟ್ಟೆಗೆ ರೊಟ್ಟಿ. ಹುಟ್ಟಿದಾಗಿನಿಂದ ಅದನ್ನೇ ಕಂಡ ಮಾಧುರಿಯ ಕೈ, ಅವಳನ್ನು ಕೇಳದೆಯೇ, ಆ ರೊಟ್ಟಿಯನ್ನು ಹಿಂದಿನ ಬಂಡೆಯ ಮೇಲಿಟ್ಟು ಬಂತು.

ಬಂದದ್ದು ಕಾಗೆಯಲ್ಲ. ಮೊದಲು ಒಂದು ಮಂಗ, ಆಮೇಲೆ ಅದರ ಬಂಧು ಬಳಗ. ರೊಟ್ಟಿಯ ರುಚಿ ಹತ್ತಿದ ಮೇಲೆ ಬದನೆಕಾಯಿ ಹೋಯಿತು, ಬೆಲ್ಲ ಹೋಯಿತು, ಪಕ್ಕದ ಗುಂಪಿನ ಬಾಳೆಗೊನೆ ಹೋಯಿತು. ಮೋಹಿನಿ ಟೀಚರ ಟೋಪಿಯೂ ಮರ ಹತ್ತಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಟೀಚರ್ ನಗಲಿಲ್ಲ, ತಿನಿಸು ಹೊರಗಿಟ್ಟವರು ಯಾರೆಂದು ಕೇಳಿದರು.

"ಕಿಸ್ನೇ ಖಾನಾ ಬಾಹರ್ ರಖಾ?"

ಯಾರೂ ನೋಡಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಗುಡ್ಡ ಕೈಯಲ್ಲೇ ಇತ್ತು. ಮಾಧುರಿಯ ಕಣ್ಣ ಮುಂದೆ ಟೆರೇಸ್ ಬಂತು, ಕೆಂಪು ಸೀರೆ ಬಂತು. ಅಷ್ಟರಲ್ಲಿ ಕಿವಿ ಕೆಂಪಾಗತೊಡಗಿತು.

"ಮೈನೇ, ಟೀಚರ್," ಎಂದು ಒಪ್ಪಿಕೊಂಡಳು.

ಟೀಚರ ಮುಖ ಮೆತ್ತಗಾಯಿತು, ಆದರೆ ಮಾತು ಮಾತೇ. ಮಾಧುರಿಗೆ ಅಳು ತಡೆಯಲಾಗಲಿಲ್ಲ. ಗುಡ್ಡ ಹೋದರೆ ಹೋಗಲಿ, ಅಜ್ಜಿ ಬೆಳಗಾಗೆದ್ದು ಯಾರಿಗೆಂದು ಸೀರೆ ಬೀಸಬೇಕು? ಬೇಡವೆನ್ನಲು ಫೋನೂ ಇಲ್ಲ. ಬೂದಿ ಮುಖದ ಅನಿಕೇತ್ ಪಕ್ಕದಲ್ಲಿ ಕುಳಿತು ಕತೆಯೆಲ್ಲ ಕೇಳಿದ. ಕೇಳಿ, ಅವಳ ಜಡೆಯ ಕೆಂಪು ರಿಬ್ಬನ್‌ಗೆ ಅಂಗೈ ಚಾಚಿದ.

"ತೇರಾ ರಿಬ್ಬನ್ ದೇ."

ಬೆಳಿಗ್ಗೆ ಅವಳ ಕೆಂಪು ರಿಬ್ಬನ್ ಅನಿಕೇತನ ಜೇಬಿನಲ್ಲಿ ಗುಡ್ಡ ಹತ್ತಿತು. ಇನ್ನೊಬ್ಬ ಟೀಚರ ಜೊತೆ ಕೆಳಗೆ ಉಳಿದ ಮಾಧುರಿ ಬಾವಿಯಿಂದ ನೀರು ಸೇದಿ, ಒಬ್ಬಳೇ ಒಲೆ ಹೊತ್ತಿಸಿ, ಇಳಿದು ಬರುವವರಿಗೆಲ್ಲ ರೊಟ್ಟಿ ಬಡಿದಳು. ಕಾಡಿನಲ್ಲಿ ತನ್ನದೇ ಒಲೆ! ಅತ್ತದ್ದು ಮರೆತೇ ಹೋಯಿತು. ಮೊದಲ ರೊಟ್ಟಿಯನ್ನು ತಾನೇ ತಿಂದಳು. ಅನಿಕೇತ್ ಏದುಸಿರು ಬಿಡುತ್ತ ಓಡಿ ಬಂದ. ಬಂಡೆಯ ತುದಿಗೆ ನಿಂತು ತೋಳು ನೋಯುವಷ್ಟು ಬೀಸಿದ್ದನಂತೆ. ಮಂಜಿನಲ್ಲಿ ಬಿಲ್ಡಿಂಗೇ ಸರಿಯಾಗಿ ಕಾಣಲಿಲ್ಲವಂತೆ.

ಸಂಜೆ ಚಾಳಿನ ಮೆಟ್ಟಿಲನ್ನು ಮಾಧುರಿ ಎರಡೆರಡಾಗಿ ಹತ್ತಿದಳು. ಒಪ್ಪಿಕೊಂಡುಬಿಡಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿಯೇ ಬಾಗಿಲಿಗೆ ಬಂದು ಅವಳ ಕೆನ್ನೆ ಹಿಡಿದಳು.

"ಕಂಡೆನವ್ವಾ, ಕಂಡೆ! ಕೆಂಪು ರಿಬ್ಬನ್ ಬೀಸಿದಿ ಹೌದಿಲ್ಲೊ?"

ಮಾಧುರಿ ಅಜ್ಜಿಯ ಕಣ್ಣನ್ನೇ ನೋಡಿದಳು. ಕೈ ಬೀಸು ಅಂದಿದ್ದ ಅಜ್ಜಿಗೆ ರಿಬ್ಬನ್ ಹೇಗೆ ತಿಳಿಯಿತು? ಹಾಗಾದರೆ ನಿಜವಾಗಿಯೂ ಕಂಡಿತೇ? ಹೂಂ ಅಂದುಬಿಟ್ಟರೆ ಆಗಿತ್ತು. ಕಿವಿ ಬಿಡಬೇಕಲ್ಲ.

"ಅಜ್ಜಿ, ಅದು ನಾ ಅಲ್ಲ. ಅನಿಕೇತ್ ಅಂತ, ಲಂಬೂ ಹುಡುಗ, ನನ್ನ ಸಲುವಾಗಿ ಬೀಸಿದಾ. ನಾ ಗುಡ್ಡ ಹತ್ತಲೇ ಇಲ್ಲ."

ರಾಚವ್ವ ಅವಳನ್ನು ಹತ್ತಿರಕ್ಕೆ ಎಳೆದುಕೊಂಡಳು. ರಿಬ್ಬನ್ನಿಲ್ಲದೆ ಬಿಚ್ಚಿಹೋದ ಮೊಮ್ಮಗಳ ಜಡೆಯನ್ನು ಬೆರಳಿನಿಂದ ಬಿಡಿಸುತ್ತ, ಚಾಳಿಗೆಲ್ಲ ಕೇಳುವಂತೆ ನಕ್ಕಳು.

"ಅದಕ್ಕ ಮತ್ತ! ಮೂರು ದಿನದಾಗ ನಮ್ಮ ಹುಡುಗಿ ಇಷ್ಟ್ಯಾಂಗ ಎತ್ತರ ಬೆಳೀತು ಅಂತ ನಾನೂ ಟೆರೇಸ್ ಮ್ಯಾಲೆ ಅದನ್ನ ವಿಚಾರ ಮಾಡಾಕ ಹತ್ತಿದ್ದೆ!"