ಕೋಸಂಬರಿಗೆ ಬಿದ್ದ ಟ್ರಫಲ್

‘ಸಾ, ನಿಮ್ ಚಿಕ್ಕಪ್ಪಾರು ಕಂಬ ತಬ್ಕಂಡು ಅಳ್ತಾವ್ರೆ ಕಣ್ ಸಾ. ಬುಡ್ಸಕ್ಕೆ ಓದ್ರೆ, ಇದು ನಮ್ಮವ್ವ ಕಣಯ್ಯ, ಮುಟ್ಬ್ಯಾಡ ಅಂತಾರೆ.’

ಹೋದ ಭಾನುವಾರ ಊಟ ಮುಗಿಸಿ ಒರಗಿಕೊಂಡಿದ್ದೆ. ಬಾಗಿಲು ಬಡಿದು ಹೀಗೆಂದವರು ಪೂರಿಗಾಲಿಯ ಬೋರೇಗೌಡರು. ಮಗಳ ಮದುವೆಗೆ ಲಗ್ನ ಕೇಳಲು ಮಳವಳ್ಳಿಯ ನಮ್ಮ ಚಿಕ್ಕಪ್ಪನ ಮನೆಗೆ ಹೋದವರು, ಅಲ್ಲಿನ ಅವಸ್ಥೆ ಕಂಡು ಸೀದಾ ಮಂಡ್ಯಕ್ಕೆ ಬಸ್ಸು ಹತ್ತಿದ್ದರು.

ನಮ್ಮ ಚಿಕ್ಕಪ್ಪ ಅಳುವ ಆಸಾಮಿಯಲ್ಲ. ಅವರ ಬೀದಿಯ ಈಶ್ವರನ ಗುಡಿಗೆ ಅವರೇ ಅರ್ಚಕರು. ಹೆತ್ತ ತಾಯಿ ತೀರಿಕೊಂಡಾಗಲೂ ಮಂತ್ರ ತಪ್ಪದೆ ಹೇಳಿದವರು. ಅಂಥವರು ಕಂಬ ತಬ್ಬಿಕೊಳ್ಳುವುದೇ? (ಆ ಕಂಬವೋ, ತಬ್ಬುವಂಥದ್ದೂ ಅಲ್ಲ. ಮೈಗೆಲ್ಲ ಸುಣ್ಣ ಮೆತ್ತಿಕೊಳ್ಳುತ್ತದೆ.)

ಇಬ್ಬರೂ ಹೊರಟೆವು. ಮದ್ದೂರಿನಲ್ಲಿ ಬಸ್ಸು ಬದಲಿಸುವಷ್ಟರಲ್ಲಿ ಗೌಡರು ಚಿಕ್ಕಮ್ಮನಿಂದ ಕೇಳಿಕೊಂಡು ಬಂದಿದ್ದ ಪೂರ್ತಿ ಕತೆ ಹೊರಬಿತ್ತು.

ಹಾಲೆಂಡಿನ ಒಬ್ಬ ಹಿಪ್ಪಿ ಮುತ್ತತ್ತಿಯ ಹೊಳೆದಂಡೆಯಲ್ಲಿ ಬಿಡಾರ ಹೂಡಿದ್ದ. ಆಗಾಗ ಮಳವಳ್ಳಿಗೆ ಬಂದು ಚಿಕ್ಕಪ್ಪನ ಜಗುಲಿಯಲ್ಲಿ ಕೂತು ಮಂತ್ರ ಕಲಿಯುತ್ತಿದ್ದ. ಊರಿಗೆ ಹೊರಡುವ ಮುನ್ನ ಗುರುದಕ್ಷಿಣೆ ಅಂತ ಒಂದು ಬಾಟಲಿ ಕೊಟ್ಟ. ಒಳಗೆ ಅಡಿಕೆ ಗಾತ್ರದ ಕಂದು ಗಂಟುಗಳು.

ಕಂಡರಿಯದ ತಿನಿಸು ಮನೆಗೆ ಬಂದರೆ ಚಿಕ್ಕಪ್ಪನದು ಒಂದೇ ವಿಚಾರಣೆ. ‘ಮಶ್ರೂಮಾ?’ ನಮ್ಮಲ್ಲಿ ಅಣಬೆ ನಿಷಿದ್ಧ. ಈರುಳ್ಳಿಗಾದರೂ ಹಿತ್ತಿಲ ಬಾಗಿಲಿನಿಂದ ಪ್ರವೇಶ ಸಿಕ್ಕೀತು, ಅಣಬೆಗಿಲ್ಲ. ಹಿಪ್ಪಿ ತಲೆಯಾಡಿಸಿ, ‘ನೋ ನೋ, ನಾಟ್ ಮಶ್ರೂಮ್. ಟ್ರಫಲ್. ಅಂಡರ್ ದಿ ಗ್ರೌಂಡ್’ ಅಂದನಂತೆ. ‘ಲಿಟಲ್, ವೆರಿ ಲಿಟಲ್. ಗುಡ್ ಫಾರ್ ಧ್ಯಾನ’ ಅಂತಲೂ ಸೇರಿಸಿದನಂತೆ.

ನೆಲದೊಳಗಿನದು ಅಂದಮೇಲೆ ಇನ್ನೇನು, ಗೆಡ್ಡೆ! ಸುವರ್ಣಗೆಡ್ಡೆ ಇದ್ದ ಹಾಗೆ ಹಾಲೆಂಡಿನ ಗೆಡ್ಡೆ. ಬೇಯಿಸಿದ್ದಲ್ಲ, ಹಸಿಯದು. ಆದ್ದರಿಂದ ಯಾರ ಕೈಯಿಂದ ಬಂದರೂ ಮೈಲಿಗೆಯಿಲ್ಲ. ಭಾನುವಾರ ಬೆಳಿಗ್ಗೆ ಚಿಕ್ಕಮ್ಮ ಅದನ್ನು ತೊಳೆದು, ಸಣ್ಣಗೆ ಹೆಚ್ಚಿ, ಹೆಸರುಬೇಳೆ ಕೋಸಂಬರಿಗೆ ಹಾಕಿ ನಿಂಬೆಹಣ್ಣು ಹಿಂಡಿದರು. ಚಿಕ್ಕಪ್ಪ ಎರಡು ಸಲ ಹಾಕಿಸಿಕೊಂಡರು. (ಲಿಟಲ್ ಅನ್ನುವ ಮಾತು ಕೋಸಂಬರಿಗೂ ಅನ್ವಯಿಸುತ್ತದೆ ಅಂತ ಯಾರಿಗೆ ಹೊಳೆದೀತು?)

ನಾವು ತಲುಪುವಾಗ ಸಂಜೆ. ಚಿಕ್ಕಪ್ಪ ಕಂಬ ಬಿಟ್ಟು ಚಾಪೆಯ ಮೇಲೆ ಕೂತಿದ್ದರು. ಡಾಕ್ಟರು ಬಂದು ನೋಡಿ, ಯಾವುದೋ ಅಣಬೆಯ ಅಮಲಿದ್ದ ಹಾಗಿದೆ, ತಾನಾಗಿ ಇಳಿಯುತ್ತದೆ ಅಂದಿದ್ದರು. ಇಳಿದೂ ಇತ್ತು. ಅಸಲಿ ಕಷ್ಟ ಶುರುವಾದದ್ದೇ ಆಮೇಲೆ. ಗುಡಿಯ ಬೀಗದ ಕೈ ಚಿಕ್ಕಪ್ಪನ ಮುಷ್ಟಿಯಲ್ಲಿತ್ತು. ಸಂಜೆ ಪೂಜೆ ನಿಂತಿತ್ತು.

‘ನೀನು ಕಾಲೇಜಿನಲ್ಲಿ ಬಾಟನಿ ಪಾಠ ಹೇಳೋನು. ನಿಜ ಹೇಳು. ನಾನು ತಿಂದದ್ದು ಗೆಡ್ಡೆಯೋ, ಅಣಬೆಯೋ?’

ಅಣಬೆಯಾದರೆ ವ್ರತಭಂಗ. ಮೂರು ದಿನ ನೀರೂ ಮುಟ್ಟದೆ ಉಪವಾಸವಿದ್ದು, ಆಮೇಲೆಯೇ ಗುಡಿಯ ಬಾಗಿಲು ತೆಗೆಯುವುದು ಅಂತ ನಿಶ್ಚಯಿಸಿಬಿಟ್ಟಿದ್ದರು. ಚಿಕ್ಕಪ್ಪನಿಗೆ ಸಕ್ಕರೆ ಕಾಯಿಲೆ. ಊಟ ಒಂದು ಗಂಟೆ ತಡವಾದರೆ ಕೈ ನಡುಗುತ್ತದೆ. ತಿಂದದ್ದಕ್ಕಿಂತ ಈ ಉಪವಾಸವೇ ಅಪಾಯ ಅಂತ ಡಾಕ್ಟರು ಹೆದರಿಸಿಯೂ ಹೋಗಿದ್ದರು. ಇವರು ಕೇಳಬೇಕಲ್ಲ!

ಗೌಡರು ನನ್ನನ್ನು ಬೀದಿ ಬಾಗಿಲಿಗೆ ಎಳೆದರು. ‘ಗೆಡ್ಡೆ ಅಂತ ಏಳ್ಬುಡಿ ಸಾ. ಏನಾಯ್ತದೆ? ನಾವು ಉತ್ತದ ಮ್ಯಾಗಳ ಅಣಬೆನ ವರ್ಸಾ ವರ್ಸಾ ಸಾರ್ ಮಾಡ್ಕಂಡ್ ಉಣ್ತೀವಿ. ಯಾವ ದ್ಯಾವ್ರೂ ಬೇಜಾರ್ ಮಾಡ್ಕಂಡಿಲ್ಲ.’

ಸುಳ್ಳು ಹೇಳೋಣ ಅಂತಲೇ ಒಳಗೆ ಬಂದೆ. ಆದರೆ ಜೀವಮಾನವಿಡೀ ಒಂದು ನೇಮ ಕಾಪಾಡಿಕೊಂಡವರು ಎದುರಿಗೆ ಕೂತು ಕೇಳಿದರೆ ನಾಲಿಗೆ ಹೊರಳುವುದಿಲ್ಲ.

‘ಚಿಕ್ಕಪ್ಪ, ಎರಡರದೂ ಜೀವ ಒಂದೇ. ನೆಲದೊಳಗೆ ಬಿಳಿ ನೂಲಿನ ಥರ ಹಬ್ಬಿರುತ್ತೆ. ಕಾಲ ಕೂಡಿಬಂದಾಗ ಮೇಲೆ ಬಂದು ಕೊಡೆ ಬಿಚ್ಚಿದರೆ ಅಣಬೆ, ಅದು ಸಂತಾನ ಹರಡೋದಕ್ಕೆ. ಕಷ್ಟಕಾಲಕ್ಕೆ ಇರಲಿ ಅಂತ ಅದೇ ನೂಲು ಒಳಗೇ ಗಂಟು ಕಟ್ಟಿಕೊಂಡರೆ ಇದು, ಬುತ್ತಿ ಇದ್ದ ಹಾಗೆ. ಅಮಲು ಎರಡರಲ್ಲೂ ಒಂದೇ.’ (ಯುರೋಪಿನವರು ಹಂದಿ ಬಿಟ್ಟು ಹುಡುಕಿಸಿ, ದುಬಾರಿ ಬೆಲೆ ಕೊಟ್ಟು ತಿನ್ನುವ ಟ್ರಫಲ್ಲೇ ಬೇರೆ. ಅದರಲ್ಲಿ ಅಮಲಿಲ್ಲ. ಇದು ಅದರ ಹೆಸರು ಇಟ್ಟುಕೊಂಡಿದೆ ಅಷ್ಟೆ.)

‘ಅಂದರೆ ಅಣಬೆಯ ಬುತ್ತಿ ತಿಂದೆ.’

‘ಹೂಂ.’

‘ಸರಿ. ಹಾಗಾದರೆ ಉಪವಾಸ.’

ಗೌಡರು ನನ್ನನ್ನು ನೋಡಿದ ನೋಟ ಬೇಡ.

ಅಷ್ಟರಲ್ಲಿ ಚಿಕ್ಕಮ್ಮ ಅಡುಗೆಮನೆ ಹೊಸ್ತಿಲಿಗೆ ಬಂದರು. ಕೈಯಲ್ಲಿ ಗಂಜಿಯ ಪಾತ್ರೆ.

‘ಹಾಗಾದ್ರೆ ಇದನ್ನ ಗೌಡರಿಗೆ ಕೊಟ್ಬಿಡ್ತೀನಿ. ನಂಗೂ ಬೇಡ.’

‘ನಿನಗ್ಯಾಕೆ ಬೇಡ?’ ಅಂದರು ಚಿಕ್ಕಪ್ಪ.

‘ನಿಮ್ಮದಾದ ಮೇಲೆ ಪಾತ್ರೆ ತಳದಲ್ಲಿ ಮಿಕ್ಕಿದ್ದನ್ನೆಲ್ಲ ಬಳಿದು ತಿಂದೋಳು ನಾನಲ್ವೇ? ದಿನಾ ತಿನ್ನೋ ಹಾಗೆ. ನಿಮಗಿಂತ ನಂಗೇ ಜಾಸ್ತಿ ಬಿದ್ದಿತ್ತು. ಗೋಡೆ ಉಸಿರಾಡ್ತಿತ್ತು. ಒಲೆ ಉರಿ ನವಿಲಿನ ಹಾಗೆ ಗರಿ ಬಿಚ್ಕೊಂಡು ನಿಂತಿತ್ತು. ನಿಮ್ಮನ್ನ ನೋಡ್ಕೋಬೇಕಿತ್ತಲ್ಲ, ಹೆದರ್ಕೊಳ್ಳೋದಕ್ಕೆ ಪುರುಸೊತ್ತೆಲ್ಲಿತ್ತು?’

ನಾವು ಮೂವರೂ ಬೆಪ್ಪಾದೆವು. ಆ ಸ್ಥಿತಿಯಲ್ಲೇ ಈಕೆ ನೀರು ಸೇದಿದ್ದರು, ಗಂಡನ ಮುಖ ಒರೆಸಿದ್ದರು, ಡಾಕ್ಟರನ್ನು ಕರೆಸಿದ್ದರು, ಗಂಜಿ ಬೇಯಿಸಿದ್ದರು. ನಾಡಿ ಹಿಡಿದ ಡಾಕ್ಟರೂ ಈಕೆಯ ಕೈ ಮುಟ್ಟಿ ನೋಡಿರಲಿಲ್ಲ. ನಾನು ಬಂದು ಅಷ್ಟು ಹೊತ್ತಾಗಿತ್ತಲ್ಲ, ನಾನು ಕೇಳಿದ್ದೆನೇ?

ಚಿಕ್ಕಪ್ಪ ಹೆಂಡತಿಯ ಮುಖವನ್ನೇ ನೋಡುತ್ತ ಕೂತರು. ಬಡಕಲು ಜೀವ. ಮೂರು ದಿನ ನೀರಿಲ್ಲದೆ ಇರುತ್ತಾಳೆಯೇ? ಇರುತ್ತಾಳೆ, ಹಟಕ್ಕೆ ಬಿದ್ದರೆ ಇದ್ದೇ ಇರುತ್ತಾಳೆ. ಅದು ಅವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?

‘ನೆಲ ಅಗೆದು ತೆಗೆದದ್ದೆಲ್ಲ ಗೆಡ್ಡೆಯೇ’ ಅಂದರು ಕೊನೆಗೆ, ನನ್ನ ಕಡೆ ತಿರುಗಿ. ‘ನಿನ್ನ ಬಾಟನಿ ಕಾಲೇಜಿನಲ್ಲಿಟ್ಟುಕೋ.’ ಎದ್ದು ಪಾತ್ರೆ ಇಸಿದುಕೊಂಡರು. ‘ನೀನು ಮೊದಲು ಕೂತ್ಕೋ. ಇವತ್ತು ನಾನು ಬಡಿಸ್ತೀನಿ.’

ಆ ರಾತ್ರಿ ಪೂಜೆ ತಡವಾಗಿ ಆಯಿತು, ಆದರೆ ಆಯಿತು. ನನಗಾದ ಖುಷಿ ಅಷ್ಟಿಷ್ಟಲ್ಲ.

ಅದಿರಲಿ, ನಿಮ್ಮ ಮನೆಯಲ್ಲಿ ಎಲ್ಲರದೂ ಆದಮೇಲೆ ಪಾತ್ರೆ ತಳ ಬಳಿದು ಉಂಡವರು ಹೇಗಿದ್ದಾರೆ ಅಂತ ಇವತ್ತು ಯಾರಾದರೂ ಕೇಳಿದಿರಾ?